ಹುಲಿ ಕರಗದ ಕಥೆಗಳಲ್ಲಿ ಕರುಣೆ ಎಲ್ಲಿದೆ?

ಪ್ರಶ್ನೆ: ನಾವು ಆರೇಳು ಮಂದಿ ತಿಂಗಳಿಗೊಂದು ಪುಸ್ತಕ ಓದಿ ಮಾತನಾಡುವ ಪುಟ್ಟ ಬಳಗ ಕಟ್ಟಿಕೊಂಡಿದ್ದೇವೆ. ಈ ವರ್ಷ ಡಿಸ್ಟೋಪಿಯಾ ಕಾದಂಬರಿಗಳನ್ನು, ಅಂದರೆ ಕೆಟ್ಟುಹೋದ ಲೋಕವೊಂದನ್ನು ಕಲ್ಪಿಸಿ ಬರೆದ ಕಥೆಗಳನ್ನು, ಆರಿಸಿಕೊಂಡೆವು. ಜಾರ್ಜ್ ಆರ್ವೆಲ್‌ನ ‘1984’, ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’, ಕಾರ್ಮ್ಯಾಕ್ ಮೆಕಾರ್ಥಿಯ ‘ದಿ ರೋಡ್’ ಮುಗಿಯುವ ಹೊತ್ತಿಗೆ ಇಬ್ಬರು ಬರುವುದನ್ನೇ ಬಿಟ್ಟರು. ನನಗೂ ರಾತ್ರಿ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ. ‘ಇವುಗಳಲ್ಲೂ ಭರವಸೆ ಇದೆ, ಮಾನವೀಯತೆ ಇದೆ’ ಎಂದು ಎಲ್ಲರೂ ಬರೆಯುತ್ತಾರೆ. ನಿಜವಾಗಿಯೂ ಇದೆಯೇ ಅಥವಾ ಓದಿದ ಸಂಕಟ ತಾಳಲಾರದೆ ನಾವೇ ಹುಟ್ಟಿಸಿಕೊಳ್ಳುವ ಸಮಾಧಾನವೇ? ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ತನಗೂ ಒಂದು ಕೊಡು ಎನ್ನುತ್ತಿದ್ದಾಳೆ. ಯಾವುದನ್ನು ಕೊಡಲಿ?
— ಓದುಗರೊಬ್ಬರು, ತುಮಕೂರು

ಉತ್ತರ: ಬಿಟ್ಟುಹೋದ ಇಬ್ಬರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ‘1984’ ಮುಗಿಸಿದ ಕೈಯಲ್ಲೇ ‘ದಿ ರೋಡ್’ ಎತ್ತಿಕೊಳ್ಳುವುದೆಂದರೆ ಒಂದು ಸಾವಿನ ಮನೆಯಿಂದ ಸ್ನಾನವನ್ನೂ ಮಾಡದೆ ಇನ್ನೊಂದು ಸಾವಿನ ಮನೆಗೆ ಹೋದ ಹಾಗೆ. ನಾನು ಮೂವತ್ತು ವರ್ಷ ಪದವಿ ತರಗತಿಗಳಿಗೆ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವನು. ಈ ಎರಡನ್ನೂ ಒಂದೇ ಸೆಮಿಸ್ಟರ್‌ನಲ್ಲಿ ಇಟ್ಟು ಒಮ್ಮೆ ಪೆಟ್ಟು ತಿಂದಿದ್ದೇನೆ. ತರಗತಿ ಅರ್ಧ ಖಾಲಿಯಾಯಿತು. ಹಾಜರಾತಿ ಏಕೆ ಕುಸಿಯಿತು ಎಂದು ಪ್ರಾಂಶುಪಾಲರಿಗೆ ಕಾರಣ ಬರೆದುಕೊಡಬೇಕಾಗಿ ಬಂದಾಗ ‘ಲೋಕ ಮುಳುಗಿದ್ದರಿಂದ’ ಎಂದು ಬರೆಯುವ ಧೈರ್ಯ ಬರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಭರವಸೆ, ಮಾನವೀಯತೆ ಎರಡನ್ನೂ ನೀವು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಗಂಟು ಬಿದ್ದಿರುವುದು ಅಲ್ಲೇ. ಭರವಸೆ ಎಂದರೆ ಮುಂದೆ ಒಳ್ಳೆಯದಾದೀತು ಎಂಬ ಲೆಕ್ಕ. ಕರುಣೆಗೆ ಆ ಲೆಕ್ಕ ಬೇಕಾಗಿಲ್ಲ. ನಾಳೆ ಬೆಳಗ್ಗೆ ಸಾಯುವವನಿಗೂ ರಾತ್ರಿ ನೀರು ಕೊಡುತ್ತೇವೆ. ಡಿಸ್ಟೋಪಿಯಾ ಕಾದಂಬರಿಗಳು ಮಾಡುವ ಮೊದಲ ಕೆಲಸವೇ ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸುವುದು. ನಾವು ಕೊನೆಯ ಪುಟದಲ್ಲಿ ಭರವಸೆಯನ್ನು ಹುಡುಕುತ್ತಾ ಹೋಗಿ, ನಡುವಿನ ಪುಟಗಳಲ್ಲಿ ಕಣ್ಣೆದುರೇ ನಡೆದ ಕರುಣೆಯನ್ನು ಕಾಣದೆ ದಾಟಿಬಿಡುತ್ತೇವೆ.

ನಾವೆಲ್ಲ ಬಾಯಿಪಾಠ ಮಾಡಿದ ಗೋವಿನ ಹಾಡನ್ನೇ ನೋಡಿ. ಕೊಟ್ಟ ಮಾತಿನಂತೆ ಪುಣ್ಯಕೋಟಿ ಹಿಂದಿರುಗಿ ಬರುತ್ತಾಳೆ, ಹುಲಿಯ ಎದೆ ಕರಗುತ್ತದೆ, ಅದು ತನ್ನ ಪ್ರಾಣವನ್ನೇ ಬಿಡುತ್ತದೆ. ಒಳ್ಳೆಯತನಕ್ಕೆ ಲೋಕ ಓಗೊಡುತ್ತದೆ ಎಂಬ ನಂಬಿಕೆಯ ಮೇಲೆ ಕಥೆ ನಿಂತಿದೆ. ಡಿಸ್ಟೋಪಿಯಾ ಬರೆಯುವವರು ಮಾಡುವುದು ಒಂದೇ ಬದಲಾವಣೆ: ಹುಲಿ ಕರಗುವುದಿಲ್ಲ. ತಿನ್ನುತ್ತದೆ, ಬಾಯಿ ಒರೆಸಿಕೊಳ್ಳುತ್ತದೆ, ನಾಳೆ ಕರುವನ್ನೂ ಕಳಿಸಿ ಎಂದು ದೊಡ್ಡಿಗೆ ಆಜ್ಞೆ ಹೊರಡಿಸುತ್ತದೆ. ಹಾಗಾದರೆ ಪುಣ್ಯಕೋಟಿ ಹಿಂದಿರುಗಿ ಬಂದದ್ದು ದಂಡವೇ? ಈ ಕಾದಂಬರಿಗಳು ಕೇಳುವುದು ಇದನ್ನೇ. ಆ ಹಾಡಿನಲ್ಲಿ ನಾವು ಹೆಚ್ಚು ಗಮನ ಕೊಡದ ಇನ್ನೊಂದು ಭಾಗವಿದೆ. ಹುಲಿಯ ಬಳಿಗೆ ಹೊರಡುವ ಮೊದಲು ಆಕೆ ಉಳಿದ ಹಸುಗಳ ಹತ್ತಿರ ಹೋಗುತ್ತಾಳೆ. ತಬ್ಬಲಿಯಾಗಲಿರುವ ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೇ ಎಂದು ನೋಡಿಕೊಳ್ಳಿ ಎನ್ನುತ್ತಾಳೆ. ಹುಲಿ ಕರಗೀತೆಂದು ಆಗ ಯಾರಿಗೂ ಗೊತ್ತಿಲ್ಲ. ಆಕೆ ಕೇಳಿಕೊಂಡದ್ದು ಹುಲಿಯನ್ನು ನಂಬಿ ಅಲ್ಲ, ಓರಗೆಯವರನ್ನು ನಂಬಿ. ನೀವು ಓದಿದ ಮೂರು ಪುಸ್ತಕಗಳಲ್ಲೂ ಹುಲಿಯನ್ನು ಬಿಟ್ಟು ಈ ದೊಡ್ಡಿಯ ಕಡೆ ನೋಡಿ.

‘1984’ರಿಂದಲೇ ಶುರು ಮಾಡೋಣ, ಏಕೆಂದರೆ ಎಲ್ಲಕ್ಕಿಂತ ಕತ್ತಲೆಯ ಪುಸ್ತಕ ಅದೇ. ಮೂರನೆಯ ಭಾಗದ ಮೊದಲ ಅಧ್ಯಾಯ ತೆಗೆಯಿರಿ. ಪ್ರಜೆಗಳ ಮೇಲೆ ಸದಾ ಕಣ್ಣಿಟ್ಟಿರುವ ಪ್ರಭುತ್ವಕ್ಕೆ ತಿರುಗಿಬಿದ್ದ ಕಥಾನಾಯಕ ವಿನ್‌ಸ್ಟನ್ ಸಿಕ್ಕಿಬಿದ್ದಿದ್ದಾನೆ. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಬೆಂಚು, ನಾಲ್ಕು ಗೋಡೆಗೂ ಒಂದೊಂದು ಟೆಲಿಸ್ಕ್ರೀನ್, ಅಂದರೆ ನಮ್ಮನ್ನು ನೋಡುತ್ತಲೂ ಆಜ್ಞೆ ಕೊಡುತ್ತಲೂ ಇರುವ ಪರದೆ. ಹಸಿವು ತಾಳಲಾರದೆ ಅವನು ಜೇಬಿನಲ್ಲಿ ಬ್ರೆಡ್ಡಿನ ಚೂರೇನಾದರೂ ಉಳಿದಿದೆಯೋ ಎಂದು ಕೈ ಹಾಕುತ್ತಾನೆ. ಕೈ ಹೊರಗೆ ತೆಗೆ ಎಂದು ಗೋಡೆ ಗದರುತ್ತದೆ. ಆಮೇಲೆ ಯಾರು ಯಾರನ್ನೋ ತಂದು ಕೂರಿಸುತ್ತಾರೆ, ಕರೆದೊಯ್ಯುತ್ತಾರೆ. ಅವರಲ್ಲಿ ಒಬ್ಬನ ಮುಖ ಮಾಂಸವೆಲ್ಲ ಇಂಗಿ ಬರೀ ಬುರುಡೆಯಂತಾಗಿದೆ. ಇವನು ಹೊಟ್ಟೆಗಿಲ್ಲದೆ ಸಾಯುತ್ತಿದ್ದಾನೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಸರಿಸುಮಾರು ಒಟ್ಟಿಗೇ ಹೊಳೆಯುತ್ತದೆ.

ಎದುರಿಗೆ ಕುಳಿತವನು ಬಂಸ್ಟೆಡ್. ಗದ್ದವೇ ಇಲ್ಲದ ಮುಖ, ಹಲ್ಲು ಮುಂದು, ಒಳಗೆ ಕಾಳು ಕೂಡಿಟ್ಟುಕೊಂಡಂತೆ ಜೋತ ಕೆನ್ನೆ. ಪಾಪದ, ದೊಡ್ಡ ಹೆಗ್ಗಣವೊಂದನ್ನು ನೋಡಿದ ಹಾಗೆ ಎಂದು ಆರ್ವೆಲ್ ವರ್ಣಿಸುತ್ತಾನೆ. ಕಾದಂಬರಿಯಲ್ಲಿ ಈತನಿಗೆ ಹಿಂದಿಲ್ಲ, ಮುಂದಿಲ್ಲ, ಏನು ಮಾಡಿ ಇಲ್ಲಿಗೆ ಬಂದ ಎಂಬ ವಿವರವೂ ಇಲ್ಲ. ಬುರುಡೆ ಮುಖದವನನ್ನು ನೋಡುತ್ತಾನೆ, ತಪ್ಪು ಮಾಡಿದವನಂತೆ ಕಣ್ಣು ತಿರುಗಿಸುತ್ತಾನೆ, ಮತ್ತೆ ನೋಡುತ್ತಾನೆ. ಕೂತಲ್ಲೇ ಚಡಪಡಿಸುತ್ತಾನೆ. ಕೊನೆಗೆ ಎದ್ದು ಹೆಜ್ಜೆ ತೊಡರಿಸುತ್ತಾ ಕೋಣೆ ದಾಟಿ, ಜೇಬಿನಾಳಕ್ಕೆ ಕೈ ಹಾಕಿ, ಕೊಳೆಯಾದ ಒಂದು ಬ್ರೆಡ್ ತುಣುಕನ್ನು ನಾಚಿಕೆಯಿಂದಲೇ ಮುಂದೆ ಚಾಚುತ್ತಾನೆ.

ಟೆಲಿಸ್ಕ್ರೀನ್ ಕಿವಿ ಒಡೆಯುವಂತೆ ಅಬ್ಬರಿಸುತ್ತದೆ. ಬುರುಡೆ ಮುಖದವನು ತಕ್ಷಣ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ನಾನು ತೆಗೆದುಕೊಂಡಿಲ್ಲ ಎಂದು ಲೋಕಕ್ಕೆಲ್ಲ ತೋರಿಸುವಂತೆ. ಕಾವಲುಗಾರರು ಬರುತ್ತಾರೆ. ಬಾಯಿಗೇ ಬಿದ್ದ ಒಂದೇ ಏಟಿಗೆ ಬಂಸ್ಟೆಡ್ ಕೋಣೆಯ ಆಚೆಗೆ ಹಾರಿ ಬೀಳುತ್ತಾನೆ, ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟು ಎರಡು ಹೋಳಾಗಿ ರಕ್ತದೊಂದಿಗೆ ಹೊರಗೆ ಬರುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಆರ್ವೆಲ್ ಮಾಮೂಲಿ ಲೇಖಕ. ಮರು ಗಳಿಗೆಯಲ್ಲೇ ಬುರುಡೆ ಮುಖದವನನ್ನು ಎಲ್ಲಕ್ಕಿಂತ ಘೋರ ಚಿತ್ರಹಿಂಸೆ ನಡೆಯುವ 101ನೇ ಕೋಣೆಗೆ ಒಯ್ಯಲು ಬರುತ್ತಾರೆ. ಅವನು ಕಾಲಿಗೆ ಬೀಳುತ್ತಾನೆ, ಹೆಂಡತಿ ಮಕ್ಕಳನ್ನು ಬೇಕಾದರೆ ನನ್ನ ಕಣ್ಣೆದುರೇ ಕೊಲ್ಲಿ ಎನ್ನುತ್ತಾನೆ, ಕೊನೆಗೆ ಬೆರಳು ಚಾಚಿ ತೋರಿಸುವುದು ಯಾರನ್ನು ಗೊತ್ತೇ? ಬ್ರೆಡ್ ಕೊಡಲು ಬಂದವನನ್ನೇ. ನನ್ನನ್ನು ಬಿಡಿ, ಅವನನ್ನು ಒಯ್ಯಿರಿ.

ಈ ಪಾಠ ಮಾಡುವಾಗ ಒಮ್ಮೆ ಹಾಸ್ಟೆಲ್ಲಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಆ ಬ್ರೆಡ್ಡು ಅವನ ಹತ್ತಿರ ಎಲ್ಲಿಂದ ಬಂತು? ಅವನಿಗೂ ಹಸಿವಾಗಿತ್ತಲ್ಲವೇ?” ನನ್ನ ಟಿಪ್ಪಣಿ ಪುಸ್ತಕದಲ್ಲಿ ನಿರಂಕುಶ ಪ್ರಭುತ್ವದ ಬಗ್ಗೆ ಎರಡು ಪುಟ ಇತ್ತು, ಇದಕ್ಕೆ ಉತ್ತರ ಇರಲಿಲ್ಲ. ಊಟದ ಡಬ್ಬಿಯಿಂದ ಅರ್ಧ ಚಪಾತಿ ಎತ್ತಿಟ್ಟು ರಾತ್ರಿಗೆ ಉಳಿಸಿಕೊಂಡು ಗೊತ್ತಿದ್ದವಳು ಮಾತ್ರ ಕೇಳಬಲ್ಲ ಪ್ರಶ್ನೆ ಅದು. ಅವಳು ಕೇಳಿದ ಮೇಲೆ ನಾನು ಹಿಂದಿನ ಪುಟಗಳಿಗೆ ಹೋದೆ. ವಿನ್‌ಸ್ಟನ್‌ನನ್ನು ಮೊದಲು ಕೂಡಿಟ್ಟಿದ್ದ ಮಾಮೂಲಿ ಜೈಲಿನಲ್ಲಿ ಕಳ್ಳಕಾಕರು ಬಟ್ಟೆಯೊಳಗೆ ಬಚ್ಚಿಟ್ಟ ತಿಂಡಿಯನ್ನು ತೆಗೆದು ರಾಜಾರೋಷವಾಗಿ ತಿನ್ನುತ್ತಾರೆ. ಅವರ ಹಲ್ಲು ಯಾರೂ ಉದುರಿಸುವುದಿಲ್ಲ. ತಾನು ತಿನ್ನಲು ಜೇಬಿಗೆ ಕೈ ಹಾಕಿದ ವಿನ್‌ಸ್ಟನ್‌ಗೆ ಸಿಕ್ಕಿದ್ದೂ ಒಂದು ಗದರಿಕೆ ಅಷ್ಟೇ. ಇನ್ನೊಬ್ಬನಿಗೆ ಕೊಡಲು ಜೇಬಿಗೆ ಕೈ ಹಾಕಿದವನಿಗೆ ಮಾತ್ರ ಇಡೀ ಪಡೆ ಓಡಿ ಬರುತ್ತದೆ. ಆ ಪ್ರಭುತ್ವಕ್ಕೆ ಯಾವುದು ಅಪಾಯ, ಯಾವುದು ಬರೀ ಕಿರಿಕಿರಿ ಎಂಬುದು ಈ ಮೂರು ಜೇಬುಗಳಲ್ಲಿದೆ.

ಅದೇ ಪುಸ್ತಕದಲ್ಲಿ ಭರವಸೆಯ ಗತಿ ಏನಾಗುತ್ತದೆ ನೋಡಿ. ಆಳುವ ಪಕ್ಷದವನೇ ಆಗಿದ್ದು ಭೂಗತ ಸಂಘಟನೆಯವನಂತೆ ನಟಿಸುವ ಓಬ್ರಿಯನ್ ವಿನ್‌ಸ್ಟನ್‌ನನ್ನು ಮನೆಗೆ ಕರೆಸಿ ಮಾತು ತೆಗೆದುಕೊಳ್ಳುತ್ತಾನೆ: ನಮ್ಮ ಉದ್ದೇಶಕ್ಕೆ ಬೇಕೆಂದರೆ ಮಗುವಿನ ಮುಖಕ್ಕೆ ಆ್ಯಸಿಡ್ ಎರಚುತ್ತೀಯಾ? ವಿನ್‌ಸ್ಟನ್ ಹೌದು ಎನ್ನುತ್ತಾನೆ. ಮುಂದೆ ಚಿತ್ರಹಿಂಸೆಯ ಕೋಣೆಯಲ್ಲಿ, ನಿಮಗಿಂತ ನಾನು ಒಳ್ಳೆಯವನು ಎಂದು ವಿನ್‌ಸ್ಟನ್ ಅಂದಾಗ ಓಬ್ರಿಯನ್ ಆ ಮಾತಿನ ಧ್ವನಿಮುದ್ರಣವನ್ನೇ ಹಾಕಿ ಕೇಳಿಸುತ್ತಾನೆ. ಇಲ್ಲಿ ಭರವಸೆ ಗಾಳಕ್ಕೆ ಸಿಕ್ಕಿಸಿದ ಹುಳು. ನಾಳೆಯ ಒಳಿತಿಗಾಗಿ ಇಂದಿನ ಮಗುವನ್ನು ಬಿಟ್ಟುಕೊಡಲು ಒಪ್ಪಿದ ಕ್ಷಣದಲ್ಲೇ ವಿನ್‌ಸ್ಟನ್ ಸೋತಿದ್ದಾನೆ. 101ನೇ ಕೋಣೆಯಲ್ಲಿ ಅವನನ್ನು ಮುರಿಯುವ ಇಲಿಗಳ ಪಂಜರ ಬರುವುದು ಬಹಳ ಆಮೇಲೆ. ಬಂಸ್ಟೆಡ್‌ನ ತಲೆಯಲ್ಲಿ ಯಾವ ನಾಳೆಯೂ ಇರಲಿಲ್ಲ.

ಇದಕ್ಕೆ ಜೋಡಿಯಾಗಿ ಎರಡನೆಯ ಭಾಗದಲ್ಲಿ ಚಾಕೊಲೇಟಿನ ನೆನಪು ಬರುತ್ತದೆ. ಪಡಿತರದ ಕಾಲ; ತಾಯಿ, ಹುಡುಗ ವಿನ್‌ಸ್ಟನ್, ಬಡಕಲು ತಂಗಿ, ಮೂವರಿಗೂ ಸೇರಿ ಚಾಕೊಲೇಟಿನ ಒಂದು ಪುಟ್ಟ ಬಿಲ್ಲೆ. ಹುಡುಗ ಪೂರ್ತಿ ತನಗೇ ಬೇಕೆಂದು ಹಟ ಹಿಡಿದಾಗ ತಾಯಿ ಮುಕ್ಕಾಲು ಪಾಲು ಅವನಿಗೆ ಕೊಟ್ಟು ಕಾಲು ಪಾಲನ್ನು ತಂಗಿಯ ಕೈಗಿಡುತ್ತಾಳೆ. ಅವನು ಅದನ್ನೂ ಕಿತ್ತುಕೊಂಡು ಓಡುತ್ತಾನೆ. ಬಾಗಿಲಲ್ಲಿ ಒಂದು ಗಳಿಗೆ ತಿರುಗಿ ನೋಡಿದಾಗ ಕಾಣುವುದು, ತಾಯಿ ತಂಗಿಯನ್ನು ತೋಳಿನಿಂದ ಬಳಸಿ ಎದೆಗೆ ಒತ್ತಿಕೊಂಡದ್ದು. ಆ ಅಪ್ಪುಗೆಯಿಂದ ಚಾಕೊಲೇಟ್ ಹುಟ್ಟಲಿಲ್ಲ, ಮಗು ಬದುಕಿಕೊಳ್ಳಲಿಲ್ಲ. ಆದರೂ ಮಾಡಿದಳು. ಕೊಡಲು ಏನೂ ಇಲ್ಲದಾಗಲೂ ಕೊಡುವ ಕೈ ಚಾಚಿಕೊಳ್ಳುತ್ತದೆ ಎಂಬುದು ವಿನ್‌ಸ್ಟನ್‌ಗೆ ಹೊಳೆಯುವುದು ದೊಡ್ಡವನಾದ ಮೇಲೆ, ಅದೂ ಕನಸಿನಲ್ಲಿ ತಾಯಿಯನ್ನು ಕಂಡು ಎದ್ದಾಗ.

ಕೆಲವರು ‘1984’ರ ಕೊನೆಯಲ್ಲಿರುವ, ಜನರ ಯೋಚನೆಯನ್ನೇ ಕುಗ್ಗಿಸಲು ಆ ಪ್ರಭುತ್ವ ಕಟ್ಟಿದ ‘ನ್ಯೂಸ್ಪೀಕ್’ ಭಾಷೆಯ ಅನುಬಂಧವನ್ನು ತೋರಿಸಿ, ಅದು ಭೂತಕಾಲದಲ್ಲಿ, ಸಾಮಾನ್ಯ ಇಂಗ್ಲಿಷಿನಲ್ಲಿ ಬರೆದದ್ದಾದ್ದರಿಂದ ಆ ಆಳ್ವಿಕೆ ಮುಗಿದುಹೋಗಿದೆ ಎಂದೇ ಅರ್ಥ ಎನ್ನುತ್ತಾರೆ. ಆಟ್‌ವುಡ್ ಕೂಡ ಹಾಗೆ ಓದಿದವರು. ಅಮೆರಿಕದ ಪುಸ್ತಕ ಕ್ಲಬ್ಬೊಂದು ಅನುಬಂಧವನ್ನು ತೆಗೆದುಹಾಕಿ ಎಂದಾಗ, ಕ್ಷಯದಿಂದ ನರಳುತ್ತಿದ್ದ ಆರ್ವೆಲ್ ಹಣ ಹೋದರೂ ಸರಿ ಎಂದು ಒಪ್ಪಲಿಲ್ಲ ಎಂಬುದೂ ನಿಜ. ಪುಸ್ತಕ 1949ರ ಜೂನ್‌ನಲ್ಲಿ ಹೊರಬಂತು, 1950ರ ಜನವರಿಯಲ್ಲಿ ಅವನು ತೀರಿಕೊಂಡ. ನನಗೆ ಈ ವಾದದಲ್ಲಿ ಅರ್ಧ ನಂಬಿಕೆ. ವ್ಯಾಕರಣದ ಕಾಲಸೂಚನೆಯಿಂದ ಹಿಂಡಿ ತೆಗೆದ ಭರವಸೆಗಿಂತ ಜೇಬಿನಿಂದ ಹೊರಬಂದ ಬ್ರೆಡ್ಡೇ ನನಗೆ ಗಟ್ಟಿ.

‘ದಿ ರೋಡ್’ನಲ್ಲಿ ಲೆಕ್ಕ ಬೇರೆ. 2006ರ ಈ ಕಾದಂಬರಿಯನ್ನು ಮೆಕಾರ್ಥಿ ತನ್ನ ಪುಟ್ಟ ಮಗನಿಗೆ ಅರ್ಪಿಸಿದ್ದಾನೆ. ಮುಂದಿನ ವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಇಲ್ಲಿ ಪ್ರಭುತ್ವವೇ ಇಲ್ಲ. ಬೂದಿ ಮುಚ್ಚಿದ ನೆಲ, ತಳ್ಳುಗಾಡಿಯಲ್ಲಿ ಉಳಿದ ಸಾಮಾನು, ತಂದೆ, ಮಗ. ತಂದೆಗೆ ಇರುವುದು ಒಂದೇ ಧರ್ಮ, ಮಗನನ್ನು ಉಳಿಸುವುದು. ಮಗ ಹುಟ್ಟಿದ್ದು ಲೋಕ ಹಾಳಾದ ಮೇಲೆ. ಒಳ್ಳೆಯ ಕಾಲವನ್ನು ಅವನು ನೋಡಿಯೇ ಇಲ್ಲ. ಆದರೂ ದಾರಿಯಲ್ಲಿ ಸಿಕ್ಕ ಕಣ್ಣು ಮಂಜಾದ ಮುದುಕನಿಗೆ ಏನಾದರೂ ಕೊಡೋಣ ಎಂದು ಹಟ ಮಾಡುವವನು ಅವನೇ. ತಂದೆ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಡಬ್ಬಿ ತೆಗೆಯುತ್ತಾನೆ. ಹುಡುಗ ಅದನ್ನು ಮುದುಕನ ಕೈಗಿಡುತ್ತಾನೆ. ಕೊಟ್ಟದ್ದಕ್ಕೆ ಮುದುಕ ಕೃತಜ್ಞತೆಯನ್ನೂ ಹೇಳುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಕೊಡುತ್ತಿರಲಿಲ್ಲ ಎನ್ನುತ್ತಾನೆ. ಹೊಸದಾಗಿ ಓದುವವರಿಗೆ ಈ ಮುದುಕನ ಮೇಲೆ ಸಿಟ್ಟು ಬರುತ್ತದೆ. ನನಗೆ ಈಗೀಗ ಬರುವುದಿಲ್ಲ. ಹೊಗಳಿಕೆಯಾಗಲೀ ಪುಣ್ಯವಾಗಲೀ ಸಿಗದಂತೆ ಎಲ್ಲ ಬಾಗಿಲನ್ನೂ ಮುಚ್ಚಿ, ಆಮೇಲೂ ಹುಡುಗ ಕೊಡುತ್ತಾನೋ ನೋಡೋಣ ಎಂದು ಲೇಖಕ ಪರೀಕ್ಷೆ ಮಾಡುತ್ತಿದ್ದಾನೆ.

ಇನ್ನೊಂದು ಕಡೆ ಇವರ ಗಾಡಿಯನ್ನೇ ಕದ್ದವನು ಸಿಕ್ಕಿಬೀಳುತ್ತಾನೆ. ತಂದೆ ಅವನ ಬಟ್ಟೆ, ಬೂಟು ಎಲ್ಲವನ್ನೂ ಬಿಚ್ಚಿಸಿ ಆ ಚಳಿಯಲ್ಲಿ ಬೆತ್ತಲೆ ನಿಲ್ಲಿಸಿ ಹೊರಡುತ್ತಾನೆ. ಹುಡುಗ ಅಳು ನಿಲ್ಲಿಸುವುದಿಲ್ಲ. ಎಲ್ಲದರ ಬಗ್ಗೆಯೂ ಚಿಂತೆ ಮಾಡಬೇಕಾದವನು ನೀನಲ್ಲ ಎಂದು ತಂದೆ ರೇಗಿದಾಗ ಹುಡುಗ ಹೇಳುತ್ತಾನೆ, ನಾನೇ. ಕೊನೆಗೆ ಇಬ್ಬರೂ ಹಿಂದಿರುಗಿ ಹೋಗುತ್ತಾರೆ, ಕಳ್ಳ ಕಾಣುವುದಿಲ್ಲ. ಬಟ್ಟೆಯನ್ನು ರಸ್ತೆಯ ಮೇಲೆ ಇಟ್ಟು ಬರುತ್ತಾರೆ. ಅವನಿಗೆ ಸಿಕ್ಕಿತೋ ಇಲ್ಲವೋ ಪುಸ್ತಕ ಹೇಳುವುದಿಲ್ಲ. ತಂದೆ ಯಾರನ್ನೂ ನಂಬದವನು. ಪುಣ್ಯಕೋಟಿಯಂತೆ ಓರಗೆಯವರ ಬಳಿ ಹೋಗಿ ಮಗನನ್ನು ಒಪ್ಪಿಸಲು ಅವನಿಗೆ ದೊಡ್ಡಿಯೇ ಇಲ್ಲ. ಅವನು ಸತ್ತ ಮೇಲೆ ಬೇರೊಂದು ಕುಟುಂಬ ಬಂದು ಹುಡುಗನನ್ನು ಕರೆದುಕೊಳ್ಳುತ್ತದೆ, ಆ ಹೆಂಗಸು ಅವನನ್ನು ತಬ್ಬಿಕೊಳ್ಳುತ್ತಾಳೆ. ಇದು ಲೇಖಕ ಕೊನೆಗೆ ಅಂಟಿಸಿದ ಸಿಹಿ ಎಂದು ಕೆಲವು ವಿಮರ್ಶಕರ ದೂರು. ನನಗೆ ಹಾಗೆ ಅನಿಸಿಲ್ಲ. ಎದುರಿಗೆ ಬಂದ ಅಪರಿಚಿತನನ್ನು ನಂಬಬಹುದೇ ಎಂದು ಹುಡುಗ ತಾನೇ ನಿರ್ಧರಿಸಬೇಕಾಗುತ್ತದೆ. ತಂದೆ ಬದುಕಿದ್ದರೆ ಪಿಸ್ತೂಲು ಎತ್ತುತ್ತಿದ್ದ. ಮುದುಕನಿಗೆ ಡಬ್ಬಿ ಕೊಟ್ಟ ಕೈ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆರ್ವೆಲ್‌ನಲ್ಲಿ ಕರುಣೆ ಭರವಸೆಯಿಲ್ಲದೆ ನಿಂತಿತ್ತು. ಇಲ್ಲಿ ಕರುಣೆಯೇ ತಿಣುಕಾಡಿ ಒಂದು ಹಿಡಿ ಭರವಸೆಯನ್ನು ಹುಟ್ಟಿಸುತ್ತದೆ.

‘ದಿ ಹ್ಯಾಂಡ್‌ಮೇಡ್ಸ್ ಟೇಲ್’, ಹೆರಬಲ್ಲ ಹೆಂಗಸರನ್ನು ಮಕ್ಕಳನ್ನು ಹೆತ್ತುಕೊಡಲೆಂದು ಅಧಿಕಾರಸ್ಥರ ಮನೆಗಳಿಗೆ ಹಂಚುವ ಆಳ್ವಿಕೆಯ ಕಥೆ. ಅದರ ಬಗ್ಗೆ ಒಂದೇ ದೃಶ್ಯ ನೆನಪಿಸುತ್ತೇನೆ. ಮೊದಲ ಅಧ್ಯಾಯ, ಎರಡು ಮೂರು ಪುಟ. ಹಳೆಯ ಜಿಮ್ನೇಸಿಯಂನಲ್ಲಿ ಸಾಲಾಗಿ ಹಾಸಿದ ಮಂಚಗಳು, ದನ ಓಡಿಸುವ ವಿದ್ಯುತ್ ಕೋಲು ಹಿಡಿದು ತಿರುಗುವ ಕಾವಲಿನ ‘ಆಂಟಿ’ಯರು. ಮಾತನಾಡುವಂತಿಲ್ಲ. ಹೆಂಗಸರು ತುಟಿಯ ಚಲನೆಯನ್ನು ಓದಲು ಕಲಿಯುತ್ತಾರೆ. ಕಾವಲು ಅತ್ತ ತಿರುಗಿದಾಗ ಕತ್ತಲಲ್ಲಿ ಕೈ ಚಾಚಿ ಪಕ್ಕದ ಮಂಚದವಳ ಕೈ ಮುಟ್ಟುತ್ತಾರೆ. ಹಾಗೆ ಮಂಚದಿಂದ ಮಂಚಕ್ಕೆ ಸಾಗಿಸುವುದು ಏನನ್ನು? ತಮ್ಮ ಹೆಸರುಗಳನ್ನು. ಯಜಮಾನನ ಹೆಸರಿಗೆ ತಗುಲಿಸಿದ ಬಿರುದೊಂದೇ ಉಳಿಯುವ ಲೋಕದಲ್ಲಿ ಅದು ನಮ್ಮ ಬ್ರೆಡ್ ತುಣುಕಿಗೆ ಸಮ. 1985ರ ಈ ಕಾದಂಬರಿಯ ಕೊನೆಯಲ್ಲಿ 2195ರ ವಿಚಾರ ಸಂಕಿರಣ ಬರುತ್ತದಲ್ಲ, ಆ ಆಳ್ವಿಕೆ ಇತಿಹಾಸವಾಗಿ ಹೋಗಿರುವುದು ಅಲ್ಲಿ ಗೊತ್ತಾಗುತ್ತದೆ. ಭರವಸೆ ಬೇಕಾದವರು ಅದನ್ನು ಹಿಡಿದುಕೊಳ್ಳಬಹುದು. ಆದರೆ ಆ ಸಂಕಿರಣದ ಪ್ರೊಫೆಸರು ಕಥೆ ಹೇಳಿದಾಕೆಯ ಸಂಕಟದ ಮೇಲೆ ಜೋಕು ಮಾಡುತ್ತಾನೆ, ಸಭೆ ನಗುತ್ತದೆ. ಪ್ರೊಫೆಸರುಗಳ ಜಾತಿಗೆ ಸೇರಿದವನಾಗಿ ನಾನು ಆ ಪುಟವನ್ನು ತಲೆ ತಗ್ಗಿಸಿಯೇ ಓದುತ್ತೇನೆ.

‘ಇದೆಲ್ಲ ಕಾದಂಬರಿಕಾರರ ಕಲ್ಪನೆಯ ಕರುಣೆ, ನಿಜವಾದ ಜೈಲಿನಲ್ಲಿ ಯಾರು ಹೀಗೆ ಮಾಡುತ್ತಾರೆ’ ಎಂದು ನಿಮ್ಮ ಬಳಗದಲ್ಲಿ ಯಾರಾದರೂ ಅಂದೇ ಅಂದಿರುತ್ತಾರೆ. ಅವರಿಗೆ ರಷ್ಯಾದ ಕವಿ ಅನ್ನಾ ಅಖ್ಮಾತೊವಾ ಅವರ ಸಂಗತಿ ಹೇಳಿ. ಸ್ಟಾಲಿನ್ ಕಾಲದಲ್ಲಿ ಮಗ ಜೈಲಿನಲ್ಲಿದ್ದಾಗ ಆಕೆ ಹದಿನೇಳು ತಿಂಗಳು ಲೆನಿನ್‌ಗ್ರಾಡಿನ ಜೈಲಿನ ಹೊರಗಿನ ಸಾಲಿನಲ್ಲಿ ನಿಂತರು. ಆ ಸಾಲಿನ ಬಗ್ಗೆ ಬರೆದ ಕವಿತೆಗಳು ‘ರಿಕ್ವಿಯಂ’. ಕಾಗದದ ಮೇಲೆ ಇಟ್ಟುಕೊಂಡರೆ ಪ್ರಾಣಾಪಾಯ. ಆದ್ದರಿಂದ ಮನೆಗೆ ಬಂದ ಗೆಳತಿಯ ಮುಂದೆ ಹವಾಮಾನವನ್ನೋ ಚಹಾವನ್ನೋ ಕುರಿತು ಗಟ್ಟಿಯಾಗಿ ಮಾತನಾಡುತ್ತಾ, ಚೀಟಿಯ ಮೇಲೆ ಸರಸರ ನಾಲ್ಕು ಸಾಲು ಗೀಚಿ ಮುಂದೆ ತಳ್ಳುತ್ತಿದ್ದರು. ಗೆಳತಿ ಲಿಡಿಯಾ ಚುಕೋವ್‌ಸ್ಕಾಯಾ ಓದಿ, ಮನಸ್ಸಿನಲ್ಲಿ ಇಳಿಸಿಕೊಂಡು, ಚೀಟಿ ವಾಪಸು ಕೊಡುತ್ತಿದ್ದರು. ಆಮೇಲೆ ಬೆಂಕಿಕಡ್ಡಿ, ಬೂದಿಬಟ್ಟಲು. ಕವಿತೆ ಹೀಗೆ ಹಲವು ತಲೆಗಳಲ್ಲಿ ವರ್ಷಗಟ್ಟಲೆ ಬದುಕಿತು. ಪುಸ್ತಕವಾಗಿ ಮೊದಲು ಬಂದದ್ದು 1963ರಲ್ಲಿ, ಅದೂ ಮ್ಯೂನಿಕ್‌ನಲ್ಲಿ. ಸ್ವಂತ ದೇಶದಲ್ಲಿ ಪೂರ್ತಿಯಾಗಿ ಅಚ್ಚಾಗಲು 1987 ಬರಬೇಕಾಯಿತು. ಇನ್ನೊಬ್ಬರ ಅಳುವನ್ನು ತನ್ನ ತಲೆಯೊಳಗೆ ಬಚ್ಚಿಟ್ಟುಕೊಂಡು ತಿರುಗುವುದಕ್ಕಿಂತ ಅಪಾಯದ ಸ್ನೇಹ ಯಾವುದಿದೆ?

ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೈಟ್ 451’ (1953) ಓದುವಾಗ ನನಗೆ ಸದಾ ಇದು ನೆನಪಾಗುತ್ತದೆ. ಪುಸ್ತಕ ಸುಡುವ ಇಲಾಖೆಯಲ್ಲಿದ್ದ ಮೊಂಟಾಗ್ ಕೊನೆಗೆ ಊರಾಚೆ ಓಡಿಹೋಗಿ ಸೇರುವುದು ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ತಿರುಗುವ ಜನರನ್ನು. ಅಮೆರಿಕದ ಓದುಗರಿಗೆ ಅದು ವಿಚಿತ್ರ ಕಲ್ಪನೆ. ನಮಗೆ ಅಷ್ಟು ವಿಚಿತ್ರವಲ್ಲ. ಅಕ್ಷರ ಕಲಿಯದ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ಇರುಳಿಡೀ ಹಾಡುವುದನ್ನು ಚಾಮರಾಜನಗರದ ಕಡೆಯ ಜನ ಕೇಳುತ್ತಲೇ ಬೆಳೆದಿದ್ದಾರೆ. ಬ್ರಾಡ್‌ಬರಿಯ ಪುಸ್ತಕಮನುಷ್ಯರಲ್ಲಿ ನನಗೆ ಇಷ್ಟವಾಗುವುದು ಅವರ ನೆನಪಿನ ಶಕ್ತಿಗಿಂತ ಅವರ ನಡವಳಿಕೆ. ಬೆನ್ನಟ್ಟಿಸಿಕೊಂಡು ಬಂದ ಮೊಂಟಾಗ್‌ನಿಗೆ ಯಾರೂ ಪ್ರವೇಶ ಪರೀಕ್ಷೆ ಇಡುವುದಿಲ್ಲ. ಬೆಂಕಿಯ ಸುತ್ತ ಕೂರಿಸಿ ಕಾಫಿ ಕೊಡುತ್ತಾರೆ. ಅದುವರೆಗೆ ಬೆಂಕಿಯೆಂದರೆ ಸುಡುವುದು ಎಂದಷ್ಟೇ ಗೊತ್ತಿದ್ದವನಿಗೆ, ಬೆಂಕಿ ಬೆಚ್ಚಗೂ ಮಾಡುತ್ತದೆ ಎಂದು ಅಲ್ಲಿ ಮೊದಲ ಸಲ ತಿಳಿಯುತ್ತದೆ.

ನಾವೇ ಹುಟ್ಟಿಸಿಕೊಳ್ಳುವ ಸಮಾಧಾನವೇ ಎಂದು ಕೇಳಿದಿರಿ. ನಾನು ಪ್ರಶ್ನೆಯನ್ನು ತಿರುವಿ ಹಾಕುತ್ತೇನೆ: ಈ ಕಾದಂಬರಿಗಳ ಕ್ರೌರ್ಯವೂ ಒಮ್ಮೊಮ್ಮೆ ಲೇಖಕರು ಹುಟ್ಟಿಸಿದ್ದೇ ಅಲ್ಲವೇ? ವಿಲಿಯಂ ಗೋಲ್ಡಿಂಗ್ 1954ರಲ್ಲಿ ‘ಲಾರ್ಡ್ ಆಫ್ ದಿ ಫ್ಲೈಸ್’ ಬರೆದ. ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡ ಶಾಲಾ ಹುಡುಗರು ಒಬ್ಬರನ್ನೊಬ್ಬರು ಬೇಟೆಯಾಡುವ ಕಥೆ. ಗೋಲ್ಡಿಂಗ್ ಶಾಲಾ ಮಾಸ್ತರ. ಹುಡುಗರ ಬಗ್ಗೆ ಆತನಿಗೆ ಏಕೆ ಅಂಥ ಅಭಿಪ್ರಾಯ ಬಂತೆಂದು ಮಾಸ್ತರನಾಗಿ ನಾನು ಊಹಿಸಬಲ್ಲೆ. ಹನ್ನೊಂದು ವರ್ಷಗಳ ನಂತರ, 1965ರಲ್ಲಿ, ಟೋಂಗಾ ದೇಶದ ಆರು ಶಾಲಾ ಹುಡುಗರು ದೋಣಿಯೊಂದನ್ನು ಎತ್ತಿಕೊಂಡು ಸಮುದ್ರಕ್ಕಿಳಿದು, ಬಿರುಗಾಳಿಗೆ ಸಿಕ್ಕಿ, ಅಟಾ ಎಂಬ ಜನವಿಲ್ಲದ ದ್ವೀಪ ಸೇರಿದರು. 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ನಾವಿಕನೊಬ್ಬ ಅವರನ್ನು ಕಂಡಾಗ ಹದಿನೈದು ತಿಂಗಳಾಗಿತ್ತು. ಆರೂ ಮಂದಿ ಬದುಕಿದ್ದರು. ಮರದ ಬೊಡ್ಡೆ ಕೊರೆದು ಮಳೆನೀರು ಹಿಡಿದಿದ್ದರು, ತೋಟ ಮಾಡಿದ್ದರು, ಒಮ್ಮೆ ಹೊತ್ತಿಸಿದ ಬೆಂಕಿಯನ್ನು ಆರಲು ಬಿಟ್ಟಿರಲಿಲ್ಲ. ಒಬ್ಬ ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಉಳಿದವರು ಕಡ್ಡಿ ಕಟ್ಟಿ ಮೂಳೆ ಕೂಡಿಸಿ, ಅವನ ಪಾಲಿನ ಕೆಲಸವನ್ನೂ ತಾವೇ ಮಾಡಿದರು. ಜಗಳ ಆಗುತ್ತಿರಲಿಲ್ಲವೆಂದಲ್ಲ. ಆದರೆ ಜಗಳವಾಡಿದವರು ದ್ವೀಪದ ಆ ಕೊನೆಗೊಬ್ಬ ಈ ಕೊನೆಗೊಬ್ಬ ಹೋಗಿ ಸಿಟ್ಟು ಇಳಿದ ಮೇಲೆ ಬರಬೇಕೆಂದು ಕಟ್ಟು ಮಾಡಿಕೊಂಡಿದ್ದರು.

ಒಂದು ದ್ವೀಪದಿಂದ ಗೋಲ್ಡಿಂಗ್ ಸುಳ್ಳಾಗುವುದಿಲ್ಲ. ಅವನು ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಕಣ್ಣಾರೆ ಕಂಡದ್ದೂ ಸುಳ್ಳಲ್ಲ. ನಾನು ಹೇಳುವುದು ಇಷ್ಟು: ಕ್ರೌರ್ಯವನ್ನು ಬರೆದರೆ ವಾಸ್ತವ, ಕರುಣೆಯನ್ನು ಬರೆದರೆ ಸಮಾಧಾನ ಎಂಬ ತಕ್ಕಡಿ ಮೊದಲಿನಿಂದಲೇ ಒಂದು ಕಡೆಗೆ ವಾಲಿದೆ.

ಮೆದು ಮನಸ್ಸೇ ಕರುಣೆ ಎಂದುಕೊಂಡವರಿಗೆ ಎರಡು ಪುಸ್ತಕ ಹೇಳಬೇಕು. ಪೋರ್ಚುಗಲ್‌ನ ಜೋಸೆ ಸರಮಾಗೊ 1995ರಲ್ಲಿ ಬರೆದ, ಇಂಗ್ಲಿಷಿನಲ್ಲಿ ‘ಬ್ಲೈಂಡ್‌ನೆಸ್’ ಎಂದು ಬಂದ ಕಾದಂಬರಿಯಲ್ಲಿ ಊರಿಗೆ ಊರೇ ಕುರುಡಾಗುತ್ತದೆ. ಕಣ್ಣು ಹೋದ ವೈದ್ಯನನ್ನು ಆಂಬುಲೆನ್ಸಿಗೆ ಹತ್ತಿಸುವಾಗ, ಕಣ್ಣು ನೆಟ್ಟಗಿರುವ ಅವನ ಹೆಂಡತಿ ನನಗೂ ಕುರುಡು ಬಂತು ಎಂದು ಸುಳ್ಳು ಹೇಳಿ ಜೊತೆಗೆ ಹತ್ತುತ್ತಾಳೆ. ಮುಂದೆ ಕೂಡಿಹಾಕಿದ ಕಟ್ಟಡದಲ್ಲಿ ಎಲ್ಲರ ಹೊಲಸು ತೊಳೆಯುವವಳೂ ಅವಳೇ, ಅನ್ನಕ್ಕೆ ಬದಲಾಗಿ ಹೆಂಗಸರನ್ನು ಕೇಳಿದ ಗುಂಪಿನ ನಾಯಕನ ಕತ್ತಿಗೆ ಕತ್ತರಿ ಇಳಿಸುವವಳೂ ಅವಳೇ. ಆಕ್ಟೇವಿಯಾ ಬಟ್ಲರ್ 1993ರಲ್ಲಿ ಬರೆದ, 2024ರಲ್ಲಿ ಶುರುವಾಗುವ ‘ಪ್ಯಾರಬಲ್ ಆಫ್ ದಿ ಸೋವರ್’ನ ಲಾರೆನ್ ಎಂಬ ಹುಡುಗಿಗೆ ಇನ್ನೊಬ್ಬರ ನೋವು ಕಂಡರೆ ತನ್ನ ಮೈಯೇ ನೋಯುವ ಕಾಯಿಲೆ. ಕರುಣೆ ಅವಳಿಗೆ ಗುಣವಲ್ಲ, ರೋಗ. ಊರು ಸುಟ್ಟುಹೋದ ಮೇಲೆ ಅವಳು ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆಯುತ್ತಾಳೆ, ದಾರಿಯಲ್ಲಿ ಒಬ್ಬೊಬ್ಬರನ್ನಾಗಿ ಜೊತೆಗೆ ಸೇರಿಸಿಕೊಳ್ಳುತ್ತಾಳೆ. ರಾತ್ರಿ ಸರದಿಯಂತೆ ಬಂದೂಕು ಹಿಡಿದು ಕಾವಲು ಕೂರುತ್ತಾರೆ. ಅನ್ನ ಹಂಚುವುದೂ ಉಂಟು, ಕಾವಲು ತಪ್ಪಿಸುವುದು ಇಲ್ಲ. ಭರವಸೆ ಎಂಬ ಪದವನ್ನು ನಾನು ಮನಸಾರೆ ಬಳಸುವುದು ಈ ಪುಸ್ತಕಕ್ಕೆ. ಇಲ್ಲಿ ಅದು ಭಾವನೆಯಾಗಿ ಬರುವುದಿಲ್ಲ; ಬೆನ್ನಿನ ಚೀಲದಲ್ಲಿ ಬಿತ್ತನೆ ಬೀಜವಾಗಿ, ಕಾವಲಿನ ಸರದಿಪಟ್ಟಿಯಾಗಿ ಬರುತ್ತದೆ.

ಭರವಸೆಯೇ ಇಲ್ಲದ ಪುಸ್ತಕಗಳೂ ಇವೆ, ಅವುಗಳಿಂದ ಬಲವಂತವಾಗಿ ಹಿಂಡಲು ಹೋಗಬೇಡಿ. ಕಜುವೊ ಇಶಿಗುರೊ ಬರೆದ ‘ನೆವರ್ ಲೆಟ್ ಮಿ ಗೋ’ದಲ್ಲಿ ಅಂಗಾಂಗಕ್ಕಾಗಿಯೇ ಬೆಳೆಸಿದ ಮಕ್ಕಳು ಒಮ್ಮೆಯೂ ದಂಗೆ ಏಳದೆ ಸಾಯುತ್ತಾರೆ. ಅದನ್ನು ಓದಿ ನಿದ್ದೆ ಕೆಡುವುದು ಆರೋಗ್ಯದ ಲಕ್ಷಣ. ಆದರೆ ತಿಂಗಳಿಗೊಂದರಂತೆ ಸಾಲಾಗಿ ಓದಬೇಕೆಂಬ ಹರಕೆ ನಿಮಗಿಲ್ಲವಲ್ಲ. ಮುಂದಿನ ಎರಡು ತಿಂಗಳು ಬಳಗದಲ್ಲಿ ಯಾವುದಾದರೂ ಪ್ರವಾಸ ಕಥನವನ್ನೋ ನಗೆಬರಹವನ್ನೋ ಓದಿ. ಬಿಟ್ಟುಹೋದವರು ತಾವಾಗಿಯೇ ಬರುತ್ತಾರೆ. ಆಮೇಲೆ ಬಟ್ಲರ್ ಎತ್ತಿಕೊಳ್ಳಿ.

ಮಗಳಿಗೆ ಮೊದಲು ‘ಫ್ಯಾರನ್‌ಹೈಟ್ 451’ ಕೊಡಿ. ಚಿಕ್ಕದು, ಓಟವಿದೆ, ದ್ವಿತೀಯ ಪಿಯುಸಿಯ ಇಂಗ್ಲಿಷಿಗೆ ಸ್ವಲ್ಪ ಕಷ್ಟವಾದರೂ ನಿಲ್ಲಿಸುವುದಿಲ್ಲ. ಅದು ಹಿಡಿಸಿದರೆ ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ 2014ರಲ್ಲಿ ಬರೆದ ‘ಸ್ಟೇಷನ್ ಇಲೆವೆನ್’. ಸಾಂಕ್ರಾಮಿಕದಲ್ಲಿ ಬಹುಪಾಲು ಜನ ಸತ್ತ ಮೇಲೆ ಕುದುರೆ ಕಟ್ಟಿದ ಗಾಡಿಗಳಲ್ಲಿ ಊರೂರು ತಿರುಗಿ ಶೇಕ್ಸ್‌ಪಿಯರ್ ನಾಟಕ ಆಡುವ ಮೇಳದ ಕಥೆ. ನಾಟಕ ಕಂಪನಿಗಳನ್ನು ಕಂಡ ನಾಡಿನ ಹುಡುಗಿಗೆ ಹೊಸದೇನೂ ಅನಿಸದು. ‘ದಿ ರೋಡ್’ ಇನ್ನೂ ಎರಡು ವರ್ಷ ಕಾಯಲಿ, ಪರೀಕ್ಷೆಯ ವರ್ಷವಂತೂ ಬೇಡ. ಅವಳು ‘1984’ನ್ನೇ ಬೇಕೆಂದು ಹಟ ಹಿಡಿದರೆ ತಡೆಯಬೇಡಿ. ಹಿಂದೆ ಮುಂದೆ ಏನೂ ವಿವರಿಸಲು ಹೋಗದೆ, ಬಂಸ್ಟೆಡ್ ಎದ್ದು ನಿಲ್ಲುವ ಪುಟದಲ್ಲಿ ಒಂದು ಚೀಟಿ ಇಟ್ಟು ಕೊಡಿ. ಅವಳು ಅದನ್ನು ಗಮನಿಸದೆ ದಾಟಿಹೋದರೂ ಚಿಂತೆಯಿಲ್ಲ. ಆ ಹಾಸ್ಟೆಲ್ ಹುಡುಗಿ ಕೇಳುವವರೆಗೆ ಹದಿನಾರು ವರ್ಷ ನಾನೂ ಹಾಗೆಯೇ ದಾಟಿಹೋಗಿದ್ದೆ.